ಪದಚರ್ಚೆ: ‘ಹಂಚಿಕೊಂಡ ಸ್ಥಿತಿ’ಯೋ, ‘ಜಂಟಿ ಸ್ಥಿತಿ’ಯೋ?

ಎಲ್ಲರಿಗೂ ನಮಸ್ಕಾರ.

ಬಳ್ಳಾರಿಯಲ್ಲಿ ಬಯಲಾಟದ ರೆಕಾರ್ಡಿಂಗ್ ಮಿಕ್ಸ್ ಮಾಡಲು ನಾವೇ ಒಂದು ಆಡಿಯೊ ಪ್ಲಗಿನ್ (ಮಿಕ್ಸ್ ಮಾಡುವ ತಂತ್ರಾಂಶಕ್ಕೆ ಜೋಡಿಸುವ ಚಿಕ್ಕ ಪ್ರೋಗ್ರಾಂ) ಬರೆಯುತ್ತಿದ್ದೇವೆ. ಹೊಸದಾಗಿ ಸೇರುವವರಿಗೆ ಅದರ ಕೈಪಿಡಿ ಕನ್ನಡದಲ್ಲೇ ಸಿಗಬೇಕು ಅನ್ನೋದು ನನ್ನಾಸೆ. ಇಂಗ್ಲಿಷಿನ ‘ಶೇರ್ಡ್ ಸ್ಟೇಟ್’, ‘ರಿಲೀಸ್’ (ಬಿಡುಗಡೆ) ಅನ್ನುವ ಎರಡು ಪದಗಳ ಹತ್ತಿರ ಬರವಣಿಗೆ ನಿಂತಿದೆ.

ಮದ್ದಳೆ, ಹಾರ್ಮೋನಿಯಂ, ಭಾಗವತರ ದನಿ, ಮೂರಕ್ಕೂ ಒಂದೊಂದು ರಿವರ್ಬ್ ಪ್ರೊಸೆಸರ್ (ದನಿಗೆ ಸಭಾಂಗಣದ ಪ್ರತಿಧ್ವನಿ ಸೇರಿಸುವ ಭಾಗ) ಇದೆ. ಮೂರಕ್ಕೂ ಬೇಕಾದದ್ದು ರಾಘವ ಕಲಾಮಂದಿರದಲ್ಲಿ ರೆಕಾರ್ಡ್ ಮಾಡಿದ ಒಂದೇ ಪ್ರತಿಧ್ವನಿ. 2 ಸೆಕೆಂಡಿನ ಸ್ಟೀರಿಯೊ (ಎಡ, ಬಲ ಎರಡು ಚಾನೆಲ್), ಪ್ರತಿ ಚಾನೆಲ್‌ನಲ್ಲಿ ಸೆಕೆಂಡಿಗೆ 48,000 ಸ್ಯಾಂಪಲ್ (ದನಿಯ ಅಳತೆ), ಒಂದೊಂದಕ್ಕೆ 4 ಬೈಟ್. ಒಟ್ಟು 7,68,000 ಬೈಟ್. ಮೂರು ನಕಲು ಸುಮ್ನೆ ಯಾಕೆ? ಮೆಮೊರಿಯಲ್ಲಿ ಒಂದೇ ಇಟ್ಟು, ಎಷ್ಟು ಪ್ರೊಸೆಸರ್ ಅದನ್ನು ಹಿಡಿದಿವೆ ಅನ್ನುವ ಲೆಕ್ಕವನ್ನೂ ಜೊತೆಗೆ ಇಡುತ್ತೇವೆ. ಲೆಕ್ಕ ಸೊನ್ನೆಯಾದರೆ ಆ ಜಾಗ ಖಾಲಿ. ಸಿ ಪ್ಲಸ್ ಪ್ಲಸ್‌ನಲ್ಲಿ 2011ರಿಂದ ಇರುವ ‘ಶೇರ್ಡ್ ಪಾಯಿಂಟರ್’ ಮಾಡುವುದೂ ಇದನ್ನೇ.

ಇದನ್ನು ‘ಹಂಚಿಕೊಂಡ ಸ್ಥಿತಿ’ ಅನ್ನಲು ನನಗೆ ಮನಸ್ಸಿಲ್ಲ. ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದೊಂದು ಪಾಲು ಬರುತ್ತದೆ, ಅಲ್ವಾ? ಸುದ್ದಿ, ಅನುಭವ ಹಂಚಿಕೊಂಡರೆ ಪಾಲಾಗುವುದಿಲ್ಲ, ನಿಜ. ಆದರೆ ಅಲ್ಲೂ ಕೇಳಿದವರ ಹತ್ತಿರ ಒಂದೊಂದು ಪ್ರತಿ ಉಳಿಯುತ್ತದೆ. ಇಲ್ಲಿ ಪಾಲೂ ಇಲ್ಲ, ಪ್ರತಿಯೂ ಇಲ್ಲ. ಅಣ್ಣತಮ್ಮಂದಿರ ಹೆಸರು ಒಂದೇ ಪಹಣಿಯಲ್ಲಿದ್ದರೆ ‘ಜಂಟಿ’ ಅನ್ನುತ್ತೇವಲ್ಲ, ಆ ಮಾತೇ ಸರಿಯಾಗಿ ಕೂರುತ್ತದೆ.

ಜಾಸ್ತಿ ತೊಡಕು ‘ಬಿಡುಗಡೆ’ಯದು. ಪ್ರೊಸೆಸರ್ ತನ್ನ ಹಿಡಿತ ಬಿಟ್ಟರೂ ಬಿಡುಗಡೆ, ಮೆಮೊರಿ ಖಾಲಿ ಮಾಡಿದರೂ ಬಿಡುಗಡೆ ಅಂತ ಬರೆದರೆ ಓದುವವರು ದಾರಿ ತಪ್ಪುತ್ತಾರೆ. 512 ಸ್ಯಾಂಪಲ್‌ನ ಒಂದು ಬಫರ್ (ಒಮ್ಮೆಗೆ ಕೈಗೆತ್ತಿಕೊಳ್ಳುವ ದನಿಯ ತುಣುಕು) ಮುಗಿಸಲು ಆಡಿಯೊ ಥ್ರೆಡ್‌ಗೆ, ಅಂದರೆ ಪ್ರೋಗ್ರಾಂನಲ್ಲಿ ದನಿಯ ಕೆಲಸ ನಡೆಸುವ ಎಳೆಗೆ, ಸಿಗುವುದು 10.7 ಮಿಲಿಸೆಕೆಂಡ್ ಮಾತ್ರ. ಲೆಕ್ಕದಲ್ಲಿ ಒಂದು ಕಳೆಯುವುದಕ್ಕೆ ಹೊತ್ತು ಹಿಡಿಯುವುದಿಲ್ಲ. ಆದರೆ ಕೊನೆಯ ಹಿಡಿತ ಅಲ್ಲೇ ಬಿಟ್ಟುಹೋದರೆ ಖಾಲಿ ಮಾಡುವ ಕೆಲಸವೂ ಅದೇ ಥ್ರೆಡ್ ಮೇಲೆ ಬೀಳುತ್ತದೆ. ಆಗ ಮೆಮೊರಿಯ ಲಾಕ್‌ಗಾಗಿ (ಬೇರೆ ಥ್ರೆಡ್ ತನ್ನ ಕೆಲಸ ಮುಗಿಸಿ ಬಿಡುವ ತನಕ) ಕಾಯಬೇಕಾಗಿ ಬಂದರೆ ಬಫರ್ ತಪ್ಪಿ, ಮದ್ದಳೆಯ ಪೆಟ್ಟುಗಳ ನಡುವೆ ‘ಟಕ್’ ಅನ್ನುತ್ತದೆ. ಅದಕ್ಕೇ ಇನ್ನೊಂದು ಥ್ರೆಡ್ ತನ್ನದೂ ಒಂದು ಹಿಡಿತ ಇಟ್ಟುಕೊಂಡಿರುತ್ತದೆ. ಲೆಕ್ಕ 1ಕ್ಕೆ ಇಳಿದದ್ದು ಕಂಡಾಗ ಅದೇ ಖಾಲಿ ಮಾಡುತ್ತದೆ.

ಹಿಡಿತ ಬಿಡುವುದಕ್ಕೆ ‘ಕೈಬಿಡು’, ಮೆಮೊರಿ ಖಾಲಿ ಮಾಡುವುದಕ್ಕೆ ‘ತೆರವು ಮಾಡು’ ಅಂತ ಇಡಲೇ? ‘ಆಡಿಯೊ ಥ್ರೆಡ್‌ನಲ್ಲಿ ಕೈಬಿಡಬಹುದು, ತೆರವು ಮಾಡಬಾರದು’ ಅಂದರೆ ಒಂದೇ ಓದಿಗೆ ತಿಳಿಯುತ್ತದೆ. ಯೋಜನೆಯನ್ನು ಕೈಬಿಟ್ಟರು ಅನ್ನುವ ಅರ್ಥ ಇಲ್ಲಿ ಅಡ್ಡ ಬರುತ್ತದೆಯೇ? ರಾಯಚೂರು, ಕೊಪ್ಪಳದ ಕಡೆ ‘ಜಂಟಿ’ಗೆ ಬೇರೆ ಮಾತು ಬಳಕೆಯಲ್ಲಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.