ಉಪ್ಪುನೀರಿನ ತೊಟ್ಟಿಗೆ ಮೊದಲು ಯಾವ ಜೀವಿ ಹಾಕೋದು? ಅನುಭವ ಇದ್ದೋರು ಹೇಳಿ

ಹೊಸಕೆರೆಹಳ್ಳಿ ಹೊಸಬ:
150 ಲೀಟರ್ ತೊಟ್ಟಿ. ಸೈಕಲ್ (ತ್ಯಾಜ್ಯ ಕರಗಿಸೋ ಬ್ಯಾಕ್ಟೀರಿಯಾ ಬೆಳೆಸೋದು) ಮುಗೀತು, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಮಗಳಿಗೆ ಕ್ಲೌನ್ ಮೀನು, ನೀಲಿ ಟ್ಯಾಂಗ್ ಮೀನು, ಜೊತೆಗೆ ಕ್ಲೌನ್ ಮನೆ ಮಾಡ್ಕೊಳ್ಳೋ ಅನಿಮೋನ್ ಅನ್ನೋ ಹೂವಿನಂಥ ಪ್ರಾಣಿ ಬೇಕಂತೆ. ಯಾವುದರಿಂದ ಶುರು ಮಾಡ್ಲಿ?

ಡ್ಯಾಮ್ಸೆಲ್ ಸಂತ್ರಸ್ತ:
ಅಂಗಡಿಯವನು "ಗಟ್ಟಿ ಮೀನು ಸಾರ್, ಇದ್ರಿಂದ್ಲೇ ಶುರು ಮಾಡಿ" ಅಂತ 150 ರೂಪಾಯಿಗೆ ಡ್ಯಾಮ್ಸೆಲ್ ಕೊಟ್ಟ. ಗಟ್ಟಿ ಅನ್ನೋದು ಸುಳ್ಳಲ್ಲ, ಅದೇ ತೊಂದರೆ. ಆಮೇಲೆ 2,200 ಕೊಟ್ಟು ತಂದ ಫೈರ್‌ಫಿಷ್ ಜೋಡಿನ ಮೂಲೆಗೆ ಅಟ್ಟಿ ರೆಕ್ಕೆ ಹರಿದು ಹಾಕ್ತು. ಒಂದು ಸತ್ತೇಹೋಯ್ತು, ಇನ್ನೊಂದು ಮುಚ್ಚಳದ ಸಂದಿಯಿಂದ ಹಾರಿ ಸೋಫಾ ಹಿಂದೆ ಒಣಗಿ ಸಿಕ್ತು. ಡ್ಯಾಮ್ಸೆಲ್ ಹಿಡಿಯೋಣ ಅಂದ್ರೆ ಬಲೆ ಕಂಡ ಕೂಡ್ಲೇ ಕಲ್ಲಿನ ತೂತಿಗೆ ನುಗ್ಗುತ್ತೆ. ಕೊನೆಗೆ ಲೈವ್ ರಾಕ್ (ಬ್ಯಾಕ್ಟೀರಿಯಾ ತುಂಬಿರೋ ಕಲ್ಲು) ಎಲ್ಲಾ ಎತ್ತಿ ಬಚ್ಚಲುಮನೆ ಬಕೆಟ್‌ಗಳಿಗೆ ಇಳಿಸಿದ್ದಾಯ್ತು. ತೊಟ್ಟಿ ಖಾಲಿ, ಮೀನಿಲ್ಲ! ಕಲ್ಲಿನೊಳಗೇ ಕೂತು ಅದೂ ಬಕೆಟ್‌ಗೆ ಬಂದಿತ್ತು.

ಮೈಸೂರು ಮೇಡಂ:
ಅನಿಮೋನ್ ಮಾತ್ರ ಈಗ್ಲೇ ಬೇಡ. ಬಬಲ್ ಟಿಪ್ ಅನ್ನೋ ಜಾತಿಗೆ 3,500 ಕೊಟ್ಟೆ, ಅದಕ್ಕೇ ಅಂತ ಲೈಟಿಗೆ 14,000. ಇಟ್ಟ ಜಾಗದಲ್ಲಿ ಇರಲ್ಲ ರೀ ಅದು. ರಾತ್ರಿ ನಡ್ಕೊಂಡು ಹೋಗಿ ಅಲೆ ಎಬ್ಬಿಸೋ ವೇವ್‌ಮೇಕರ್ ಪಂಪಿಗೆ ಸಿಕ್ಕಿ ಚೂರುಚೂರು. ಬೆಳಿಗ್ಗೆ ನೋಡಿದ್ರೆ ನೀರೆಲ್ಲಾ ಗಂಜಿ, ನಾತ ಬೀದಿಗೆ ಹೊಡೀತಿತ್ತು. ಕ್ಲೀನರ್ ಸೀಗಡಿ, ಟರ್ಬೋ ಬಸವನಹುಳ ಎಲ್ಲಾ ಹೋದ್ವು. ಕ್ಲೌನ್ ಜೋಡಿ ಉಳೀತು, ಈಗ ಲೆದರ್ ಕೋರಲ್ ಅನ್ನೋ ಮೆತ್ತನೆ ಹವಳದ ಮೇಲೆ ಹೊರಳಾಡ್ಕೊಂಡು ಆರಾಮಾಗಿವೆ. ಹ್ಯಾಚರಿಯಲ್ಲಿ ಮರಿ ಮಾಡಿಸಿದ ಕ್ಲೌನ್‌ಗೆ ಅನಿಮೋನ್ ಬೇಕೇ ಬೇಕು ಅನ್ನೋದು ಬರೀ ವ್ಯಾಪಾರದ ಮಾತು.

ಮಲ್ಪೆ ಕಡಲು:
ಸಮುದ್ರದ ನೀರು ಮಾಡುವ ಉಪ್ಪಿನ ಬಕೆಟ್‌ಗೆ ಆರೇಳು ಸಾವಿರ ಸುರೀತೀರಲ್ಲ, ಎಂತ ಕರ್ಮ ಮಾರಾಯ್ರೆ! ನಾನು ಕ್ಯಾನಲ್ಲಿ ಸಮುದ್ರದ ನೀರೇ ತರುವುದು. ಸ್ಟಾರ್ ಪಾಲಿಪ್, ಮಶ್ರೂಮ್ ಹವಳ ಎಲ್ಲ ಕಲ್ಲು ತುಂಬಾ ಹಬ್ಬಿವೆ. ಮರಳು ಕ್ಲೀನಿಗೆ ಒಂದು ಸೀ ಕುಕಂಬರ್ (ಸೌತೆಕಾಯಿಯಂಥ ಕಡಲ ಜೀವಿ) ಹಾಕಿ, ಸಾಕು.

ಡ್ಯಾಮ್ಸೆಲ್ ಸಂತ್ರಸ್ತ:
ಸೀ ಕುಕಂಬರಾ? ಗಟ್ಟಿ ಹವಳದ ಹಾಗೇ ಅದೂ 2001ರಿಂದ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಿತ. ಹೊಸಬರನ್ನ ಜೈಲಿಗೆ ಕಳಿಸ್ತೀರಾ?

ಮಲ್ಪೆ ಕಡಲು:
ಅಜ್ಜನ ಕಾಲದಿಂದ ದಡದಲ್ಲಿ ಇರುವವರಿಗೆ ಬೆಂಗಳೂರಿನವರ ಪಾಠ.

ಚಿಲ್ಲರ್ ರಾಯರು:
ಅಜ್ಜನನ್ನ ಬಿಡಿ, ಮಳೆಗಾಲದಲ್ಲಿ ಹೊಳೆ ನೀರು ಸೇರಿದಾಗ ಉಪ್ಪಿನಂಶ ಅಳೆಯೋ ರಿಫ್ರ್ಯಾಕ್ಟೋಮೀಟರ್ ನೋಡಿದ್ದೀರಾ? ಸಾಂದ್ರತೆ 1.025 ಇರ್ಬೇಕಾದ್ದು ಎಲ್ಲಿರುತ್ತೆ? ಬಂದರಿನ ಡೀಸೆಲ್ ಬೇರೆ. ನೀಲಿ ಟ್ಯಾಂಗ್ ವಿಷಯ: 4,500 ಕೊಟ್ಟೆ, ಬಂದ ವಾರದಲ್ಲೇ ಮೈತುಂಬಾ ಬಿಳಿ ಚುಕ್ಕೆ ರೋಗ, ಕ್ಲೌನ್‌ಗಳಿಗೂ ಅಂಟ್ತು. ಬದುಕಿದ್ರೂ ಒಂದಡಿ ಬೆಳೆಯೋ ಮೀನು ಅದು, 150 ಲೀಟರಲ್ಲಿ ಎಲ್ಲಿ ಓಡಾಡುತ್ತೆ? ಮೊದಲು 28,000 ಎತ್ತಿಟ್ಟು ನೀರು ತಂಪಾಗಿಡೋ ಚಿಲ್ಲರ್ ತಗೊಳ್ಳಿ.

ಮೈಸೂರು ಮೇಡಂ:
ಎಲ್ಲದಕ್ಕೂ ಚಿಲ್ಲರ್! ನಮ್ಮಲ್ಲಿ 600 ರೂಪಾಯಿ ಫ್ಯಾನಲ್ಲೇ 26 ಡಿಗ್ರಿ ನಿಂತಿದೆ.

ಚಿಲ್ಲರ್ ರಾಯರು:
ಫ್ಯಾನಿಗೆ ನೀರು ಆವಿಯಾಗಿ ಉಪ್ಪು ಏರುತ್ತೆ ಮೇಡಂ. ದಿನಾ ಆರ್‌ಓ ನೀರು ಹೊತ್ತು ಸುರಿಯೋದು ಯಾರು?

ಮೈಸೂರು ಮೇಡಂ:
ನಾನೇ. ನಿಮ್ಮ ಕರೆಂಟ್ ಬಿಲ್ ಕಟ್ಟೋದಕ್ಕಿಂತ ಅದೇ ವಾಸಿ.

ಹೊಸಕೆರೆಹಳ್ಳಿ ಹೊಸಬ:
ಸರಿ, ಕ್ಲೌನ್ ಜೋಡಿ ಮಾತ್ರ. ಗಂಡು ಹೆಣ್ಣು ಗುರುತಿಸೋದು ಹೇಗೆ?

ಮೈಸೂರು ಮೇಡಂ:
ಎಲ್ಲಾ ಗಂಡಾಗೇ ಬೆಳೆಯೋದು, ಜೋಡಿಯಲ್ಲಿ ಜೋರಾಗಿರೋದು ಹೆಣ್ಣಾಗುತ್ತೆ. ಒಂದು ದೊಡ್ಡದು, ಒಂದು ಚಿಕ್ಕದು ತನ್ನಿ. ಎರಡೂ ದೊಡ್ಡವಾದ್ರೆ ಕಿತ್ತಾಡಿ ಸಾಯ್ತವೆ.

ಮಲ್ಪೆ ಕಡಲು:
ರಾಯರೇ, ಮಳೆಗೆ ಮೊದಲೇ ಡ್ರಮ್ ತುಂಬಿಸಿಡ್ತೇನೆ. ನೀರು ತರುವುದು ಬಂದರಿನಿಂದ ಅಲ್ಲ, ದೋಣಿಯಲ್ಲಿ ಹೊರಗೆ ಹೋಗಿ. ಕೇಳಿ ಮಾತಾಡಿ.