ಸಹಾಯ ಬೇಕು: ಉಗಾಂಡಾದ ಮಿಷನ್ ಆಸ್ಪತ್ರೆಯ ಸೇವೆಗೆ ಯಾವ ವೀಸಾ?

ಎಲ್ಲರಿಗೂ ನಮಸ್ಕಾರ. ನಾನು ಬಾಸೆಲ್ ಮಿಷನ್ನಿನವರ ಕಾಲದಿಂದಲೂ ಕ್ರೈಸ್ತ ಸಭೆಯಿರುವ ಗುಳೇದಗುಡ್ಡದವಳು. ಬಾಗಲಕೋಟೆಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಹನ್ನೊಂದು ವರ್ಷಗಳಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಉಗಾಂಡಾದ ಹಳ್ಳಿಗಾಡಿನ ಮಿಷನ್ ಆಸ್ಪತ್ರೆಯೊಂದು ಆರು ತಿಂಗಳ ಸಂಬಳವಿಲ್ಲದ ಸೇವೆಗೆ ನನ್ನನ್ನು ಕರೆದಿದೆ.

ಆ ದೇಶಕ್ಕೆ ಹೋಗಲು ಹಳದಿ ಜ್ವರದ ಲಸಿಕೆ ಕಡ್ಡಾಯವೆಂದೂ, ಅದರ ಪ್ರಮಾಣಪತ್ರ ಚುಚ್ಚಿಸಿಕೊಂಡ 10 ದಿನಗಳ ನಂತರವೇ ಊರ್ಜಿತವಾಗುತ್ತದೆಂದೂ ತಿಳಿದು, ಕಳೆದ ತಿಂಗಳೇ ಹಾಕಿಸಿಕೊಂಡು, ಸೀಲು ಬಿದ್ದ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನೊಳಗೇ ಇಟ್ಟಿದ್ದೇನೆ. (ಅವ್ವನಿಗೆ ಇನ್ನೂ ಪೂರ್ತಿ ಹೇಳಿಲ್ಲ, ಅದು ಬೇರೆ ಮಾತು.)

ತೊಡಕಿರುವುದು ಮುಂದಿನದರಲ್ಲಿ. ಆಸ್ಪತ್ರೆಯವರ ಮೂರು ಸಾಲಿನ ಪತ್ರದಲ್ಲಿ ಪ್ರವಾಸಿ ವೀಸಾ ಸಾಕೆಂದಿದೆ. ಏಜೆಂಟರೊಬ್ಬರು, ಸಂಬಳ ಇರಲಿ ಬಿಡಲಿ, ರೋಗಿಯನ್ನು ಮುಟ್ಟುವ ಕೆಲಸವಾದರೆ ಕೆಲಸದ ಪರವಾನಗಿಯೂ ಅಲ್ಲಿನ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿಯೂ ಬೇಕೆನ್ನುತ್ತಾರೆ. ಹೆರಿಗೆಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಹೊಣೆ ನನ್ನ ಮೇಲೆಯೇ ಬರುವುದರಿಂದ ನನಗೂ ಎರಡನೆಯದೇ ಸರಿಯೆನಿಸುತ್ತದೆ. ಆಸ್ಪತ್ರೆಗೆ ಎರಡು ಸಲ ಇಮೇಲ್ ಬರೆದರೂ ಉತ್ತರವಿಲ್ಲ.

ಹೀಗೆ ಸೇವೆಗೆ ಹೋಗಿಬಂದ ನರ್ಸ್‌ಗಳಾಗಲಿ ವೈದ್ಯರಾಗಲಿ ಇಲ್ಲಿದ್ದರೆ ದಯವಿಟ್ಟು ತಿಳಿಸಿ: ತಾವು ಯಾವ ವೀಸಾದಲ್ಲಿ ಹೋದಿರಿ? ಅಲ್ಲಿನ ನೋಂದಣಿಯನ್ನು ಇಲ್ಲಿಂದಲೇ ಮಾಡಿಸಿದಿರೋ, ಅಲ್ಲಿಗೆ ಹೋದ ಮೇಲೋ?