20 ಕಳೆಯುವ ಮುನ್ನ ಮಿಲಿಆಂಪ್ ಅಳೆದು ನೋಡು

ತಮ್ಮಾ, ಬೆಳಿಗ್ಗೆ ನೀನು ಗುಂಪಿನಲ್ಲಿ ಹಾಕಿದ ಎರಡೂ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಟೈಪ್ ಮಾಡುತ್ತಾ ಕುಳಿತರೆ ನರಸಾಪುರದ ಬಸ್ಸು ತಪ್ಪುತ್ತದೆ, ಆದ್ದರಿಂದ ಬಾಯಿಮಾತಿನಲ್ಲೇ ಹೇಳುತ್ತಿದ್ದೇನೆ, ಪೂರ್ತಿ ಕೇಳಿಸಿಕೊ. ನಿಮ್ಮ ಹಾಲಿನ ಶೀತಲೀಕರಣ ಘಟಕದ ಕಂಪ್ರೆಸರ್ ರೂಮಿನಲ್ಲಿರುವ ಅಮೋನಿಯಾ ಸೆನ್ಸರ್ ತನ್ನ ಮೇಲೆ 3 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಮೂರು ಭಾಗ) ತೋರಿಸುತ್ತಿದೆ, ಅದೇ ಹೊತ್ತಿಗೆ ಪ್ಯಾನೆಲ್‌ನ ಪಿಎಲ್‌ಸಿ, ಅಂದರೆ ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್‌ನ ಪರದೆಯಲ್ಲಿ 22 ಇದೆ. ಪ್ರೋಗ್ರಾಂನಲ್ಲಿ 20 ಕಳೆದುಬಿಟ್ಟರೆ ಸರಿಹೋಗುತ್ತದೆ ಎಂದು ಅಲ್ಲಿಯ ಹಿರಿಯರೊಬ್ಬರು ಹೇಳಿದ್ದಾರೆ, ಹಾಗೆ ಮಾಡಲೇ ಎಂದು ಕೇಳಿದ್ದೀಯ. ದಯವಿಟ್ಟು ಮಾಡಬೇಡ.

ಸೆನ್ಸರ್‌ನ ಫಲಕದ ಮೇಲೆ 0ರಿಂದ 100 ಪಿಪಿಎಂ, 4ರಿಂದ 20 ಮಿಲಿಆಂಪ್ ಎಂದು ಬರೆದಿರುವುದು ನಿನ್ನ ಫೋಟೋದಲ್ಲೇ ಕಾಣುತ್ತದೆ. ಅಂದರೆ ಸೆನ್ಸರ್ ತನ್ನ ಅಳತೆಯನ್ನು ಕರೆಂಟಾಗಿ ಕಳುಹಿಸುತ್ತದೆ: ಗಾಳಿಯಲ್ಲಿ ಅಮೋನಿಯಾ ಇಲ್ಲದಿದ್ದರೂ ತಂತಿಯಲ್ಲಿ 4 ಮಿಲಿಆಂಪ್ ಹರಿಯುತ್ತಿರಬೇಕು, 3 ಪಿಪಿಎಂ ಇದ್ದಾಗ 4.48 ಹರಿಯಬೇಕು. ಈ 4.48 ಅನ್ನು ಪಿಎಲ್‌ಸಿ 0–20 ಮಿಲಿಆಂಪ್ ಎಂದು ತಿಳಿದು ಓದಿದರೆ ಬರುವ ಉತ್ತರ 22.4. ನಿನ್ನ ಪರದೆಯ 22 ಅಲ್ಲಿಂದಲೇ ಬಂದಿದೆ ಎಂಬುದು ನನ್ನ ಬಲವಾದ ಅನುಮಾನ. ಈ ತಪ್ಪು ಎಲ್ಲ ಮಟ್ಟದಲ್ಲೂ ಒಂದೇ ಸಮನಾಗಿ ಇರುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಕೆಳಗೆ 20 ಹೆಚ್ಚು ತೋರಿಸುತ್ತದೆ, ನಿಜವಾಗಿ 50 ಇರುವಾಗ 60 ತೋರಿಸುತ್ತದೆ, 100ಕ್ಕೆ ಬಂದಾಗ ಸರಿಯಾಗಿ 100 ತೋರಿಸುತ್ತದೆ. ಈಗ ಎಲ್ಲದರಿಂದಲೂ 20 ಕಳೆದೆ ಎಂದುಕೋ: ರೂಮಿನಲ್ಲಿ ನಿಜವಾಗಿ 25 ಪಿಪಿಎಂ ಇರುವಾಗ ಪರದೆಯಲ್ಲಿ 20 ಇರುತ್ತದೆ, 25ಕ್ಕೆ ಇಟ್ಟಿರುವ ಅಲಾರಂ ಗಾಳಿಯಲ್ಲಿ 31 ದಾಟುವವರೆಗೂ ಕೂಗುವುದಿಲ್ಲ. ಎಂಟು ಗಂಟೆಯ ಕೆಲಸಕ್ಕೆ 25, ಹದಿನೈದು ನಿಮಿಷಕ್ಕೆ 35 ಎಂಬ ಮಿತಿಗಳನ್ನು ಇಟ್ಟಿರುವುದು ನಿನ್ನಂಥವರ ಕಣ್ಣು, ಶ್ವಾಸಕೋಶ ಉಳಿಯಲಿ ಎಂದು. ವಾಸನೆ ಬಂದರೆ ಗೊತ್ತಾಗುತ್ತದಲ್ಲ ಎಂದು ಹೇಳುವವರ ಮಾತನ್ನೂ ನಂಬಬೇಡ. ದಿನವೂ ಅಲ್ಲೇ ಇರುವವರ ಮೂಗು ಅಮೋನಿಯಾಕ್ಕೆ ಒಗ್ಗಿಹೋಗಿರುತ್ತದೆ.

ಮೊದಲು ಶಿಫ್ಟ್ ಇನ್‌ಚಾರ್ಜ್‌ಗೆ ತಿಳಿಸಿ ಅನುಮತಿ ತೆಗೆದುಕೋ, ಏಕೆಂದರೆ ತಂತಿ ಬಿಚ್ಚಿದ ಕೂಡಲೇ ಕರೆಂಟ್ ಸೊನ್ನೆಗೆ ಇಳಿಯುತ್ತದೆ, ಇಂಟರ್‌ಲಾಕ್ (ಸಿಗ್ನಲ್ ತಪ್ಪಿದರೆ ಯಂತ್ರವನ್ನು ತಾನೇ ನಿಲ್ಲಿಸುವ ಏರ್ಪಾಡು) ಇದ್ದರೆ ಕಂಪ್ರೆಸರ್ ನಿಂತುಬಿಡಬಹುದು. ಆ ಹೊತ್ತಿನಲ್ಲಿ ಕೈಯಲ್ಲಿ ಹಿಡಿಯುವ ಡಿಟೆಕ್ಟರ್ ಒಬ್ಬರ ಬಳಿ ಇರಲಿ. ನಂತರ ಪ್ಯಾನೆಲ್‌ನ ಟರ್ಮಿನಲ್‌ನಲ್ಲಿ ಸಿಗ್ನಲ್ ತಂತಿಯನ್ನು ಬಿಚ್ಚಿ, ಮಲ್ಟಿಮೀಟರನ್ನು ಮಿಲಿಆಂಪ್‌ಗೆ ಇಟ್ಟು, ತಂತಿ ಮತ್ತು ಟರ್ಮಿನಲ್‌ನ ನಡುವೆ ಸೀರೀಸ್ ಆಗಿ ಸೇರಿಸು. 24 ವೋಲ್ಟ್‌ಗೆ ಅಡ್ಡಲಾಗಿ ಮಾತ್ರ ಹಿಡಿಯಬೇಡ, ಮೀಟರ್‌ನ ಫ್ಯೂಸ್ ಹೋಗುತ್ತದೆ. ಮೀಟರ್‌ನಲ್ಲಿ 4.5ರ ಆಸುಪಾಸು ಬಂದರೆ ಸೆನ್ಸರ್ ಕಳುಹಿಸಿದ್ದು ಪ್ಯಾನೆಲ್‌ವರೆಗೂ ಸರಿಯಾಗಿಯೇ ಬಂದಿದೆ ಎಂದು ಅರ್ಥ. ಆಮೇಲೆ ನೋಡಬೇಕಾದದ್ದು ಚಾನೆಲ್ ಸೆಟ್ಟಿಂಗ್ ಒಂದನ್ನೇ, ಅಂದರೆ ಆ ತಂತಿಯನ್ನು ಪಿಎಲ್‌ಸಿ 0–20 ಎಂದು ಓದುತ್ತಿದೆಯೋ 4–20 ಎಂದೋ ಎಂಬುದನ್ನು. ನಿಮ್ಮದು ಸೀಮೆನ್ಸ್ ಕಂಪನಿಯ ಪಿಎಲ್‌ಸಿ ಆದ್ದರಿಂದ ಕಚ್ಚಾ ಎಣಿಕೆ (ಪಿಪಿಎಂಗೆ ಬದಲಿಸುವ ಮುನ್ನ ಅದರೊಳಗಿರುವ ಅಂಕಿ) ನೋಡಿದರೆ ಸಾಕು: 0–20 ಎಂದು ಇಟ್ಟಿದ್ದರೆ 6193ರ ಹತ್ತಿರ, 4–20 ಎಂದು ಇಟ್ಟಿದ್ದರೆ 829ರ ಹತ್ತಿರ ಇರುತ್ತದೆ.

ಮೀಟರ್‌ನಲ್ಲೇ 7 ಮಿಲಿಆಂಪ್‌ಗಿಂತ ಹೆಚ್ಚು ಬಂದರೆ (4–20ರ ಲೆಕ್ಕದಲ್ಲಿ 22 ಪಿಪಿಎಂಗೆ ಸುಮಾರು 7.5 ಆಗುತ್ತದೆ) ತೊಂದರೆ ತಂತಿಯಲ್ಲೋ ಸೆನ್ಸರ್‌ನ ಔಟ್‌ಪುಟ್‌ನಲ್ಲೋ ಇದೆ. ಜಂಕ್ಷನ್ ಬಾಕ್ಸ್ ತೆರೆದು ನೋಡು. ನಿನ್ನ ಎರಡನೆಯ ಫೋಟೋದಲ್ಲಿ ಕೇಬಲ್ ಗ್ಲ್ಯಾಂಡ್‌ನ (ಕೇಬಲ್ ಒಳಹೋಗುವ ಕಡೆಯ ಬಿಗಿ ಮುಚ್ಚಳ) ಕೆಳಗೆ ನೀರಿನ ಹನಿ ನಿಂತಿದೆ, ಹಸಿರು ಪಾಚಿಯಂಥದ್ದು ಸ್ಕ್ರೂ ಸುತ್ತ ಹಿಡಿದಿದೆ. ಅಮೋನಿಯಾ ಮತ್ತು ತೇವ ಸೇರಿದರೆ ತಾಮ್ರ ತಿನ್ನದೆ ಬಿಡುವುದಿಲ್ಲ. ಆ ಸ್ಕ್ರೂವನ್ನು ಹೇಗಿದ್ದರೂ ಬದಲಿಸು, ಗ್ಲ್ಯಾಂಡನ್ನು ಬಿಗಿ ಮಾಡು.

ಕಂಪ್ರೆಸರ್ ಚಾಲೂ ಆದಾಗ ಅಂಕಿ ಕುಣಿಯುತ್ತದೆ ಎಂದೂ ಬರೆದಿದ್ದೀಯ. ಅದು ಬೇರೆಯೇ ಕಾಯಿಲೆ. ನಾನು ಕೆಲಸ ಮಾಡುವಲ್ಲಿಯೂ ಹೀಗಾಗಿತ್ತು. ಸಿಗ್ನಲ್ ಕೇಬಲ್‌ನ ಶೀಲ್ಡ್, ಅಂದರೆ ತಂತಿಗಳ ಸುತ್ತಲಿನ ಲೋಹದ ಹೊದಿಕೆ, ಎರಡೂ ತುದಿಗಳಲ್ಲಿ ಅರ್ಥ್ ಆಗಿತ್ತು, ಆ ಕೇಬಲ್ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ನ ಕೇಬಲ್ ಜೊತೆಗೆ ಒಂದೇ ಟ್ರೇಯಲ್ಲಿ ಮಲಗಿತ್ತು. ಸೆನ್ಸರ್ ಕಡೆಯ ತುದಿಯನ್ನು ಬಿಡಿಸಿ ಪ್ಯಾನೆಲ್ ಕಡೆ ಮಾತ್ರ ಅರ್ಥ್ ಉಳಿಸಿ, ಕೇಬಲ್ ದಾರಿ ಬದಲಿಸಿದ ದಿನವೇ ಅಂಕಿ ಕುಣಿಯುವುದು ನಿಂತಿತು.

ಸೆನ್ಸರನ್ನು ಕೊನೆಯಲ್ಲಿ ಅನುಮಾನಿಸು, ಆದರೆ ಅನುಮಾನಿಸದೆ ಬಿಡಬೇಡ. ಒಳಗೆ ಅನಿಲವನ್ನು ಗುರುತಿಸುವ ಸೆಲ್ ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳುತ್ತದೆ, ಆಮೇಲೆ ಸೊರಗುತ್ತದೆ. ಸೊನ್ನೆ ಹೊಂದಿಸುವುದಾದರೆ ಆ ರೂಮಿನ ಗಾಳಿಯಲ್ಲಿ ಹೊಂದಿಸಬೇಡ, ಅಲ್ಲಿರುವ 3 ಪಿಪಿಎಂ ಕೂಡ ಸೊನ್ನೆಯಾಗಿಬಿಡುತ್ತದೆ. ಶುದ್ಧ ಗಾಳಿಯ ಸಿಲಿಂಡರ್ ಬಳಸು. ಅಮೋನಿಯಾ ಕೊಳವೆಯ ಗೋಡೆಗೆ ಅಂಟಿಕೊಳ್ಳುವುದರಿಂದ ಪರೀಕ್ಷಾ ಅನಿಲ ಕೊಡುವ ಕೊಳವೆ ಗಿಡ್ಡದಾಗಿರಲಿ, ಅಂಕಿ ಒಂದೆಡೆ ಸ್ಥಿರವಾಗುವವರೆಗೂ ಕಾಯು.

ಸೆಟ್ಟಿಂಗ್ ಸರಿಪಡಿಸಿದ ಮೇಲೆ ಲೂಪ್ ಕ್ಯಾಲಿಬ್ರೇಟರ್‌ನಿಂದ (ಬೇಕಾದಷ್ಟು ಮಿಲಿಆಂಪ್ ಕೊಡುವ ಪರೀಕ್ಷಾ ಉಪಕರಣ) ಟರ್ಮಿನಲ್‌ಗೆ 4, 8, 12, 20 ಮಿಲಿಆಂಪ್ ಕೊಡು. ಪರದೆಯಲ್ಲಿ 0, 25, 50, 100 ಬರಬೇಕು. ಕ್ಯಾಲಿಬ್ರೇಟರ್ ಇಲ್ಲದಿದ್ದರೆ ಸಂಜೆ ಶಿಫ್ಟ್ ಮುಗಿದ ಮೇಲೆ ಕೋಲಾರ ಬಸ್ ಸ್ಟ್ಯಾಂಡಿಗೆ ಬಾ, ನನ್ನದನ್ನು ತಂದುಕೊಡುತ್ತೇನೆ. 8 ಕೊಟ್ಟಾಗ ಅಲಾರಂ ಕೂಗಿತೋ ಇಲ್ಲವೋ ಎಂಬುದನ್ನು ಮಾತ್ರ ಮರೆಯದೆ ಇಲ್ಲಿ ಬರೆ, ಅಮ್ಮನೂ ನೋಡಲಿ.